ಗುಂಟೂರಿನ ವೈದ್ಯ ಸಂನ್ಯಾಸಿನಿ ಡಾಕ್ಟರ್ ಮೇರಿ ಗ್ಲೌರಿ

ಆದವಾನಿ, ರಾಯದುರ್ಗ, ಮಡಕಶಿರಗಳ ಕನ್ನಡಿಗರಾದ ನಮಗೆ ಗುಂಟೂರು ಎಂದೊಡನೆ ನೆನಪಿಗೆ ಬರುವುದು ಮೆಣಸಿನಕಾಯಿ ಮತ್ತು ಹೊಗೆಸೊಪ್ಪು. ಇನ್ನು ಕೆಲವು ಹಿರಿಯರ ಮನೆಗಳಲ್ಲಿ ಆ ಊರಿನ ಹೆಸರು ವ್ಯಾಜ್ಯದ ಕಾಗದಗಳೊಂದಿಗೆ ಬಂದಿತು. 1953ರಲ್ಲಿ ಆಂಧ್ರ ರಾಜ್ಯವು ಹುಟ್ಟಿದ ಮೇಲೆ, 1954ರಿಂದ 1956ರವರೆಗೆ ಅದರ ಉಚ್ಚ ನ್ಯಾಯಾಲಯವು ಗುಂಟೂರಿನಲ್ಲಿದ್ದಿತಷ್ಟೆ. ಆದರೆ ನ್ಯಾಯಾಲಯವು ಆ ಊರಿಗೆ ಬರುವುದಕ್ಕೆ ಮೂವತ್ತು ವರ್ಷಗಳಿಗೂ ಮೊದಲೇ ಬಡವರ ಪಾಲಿಗೆ ಬೇರೊಂದು ಬಗೆಯ ನ್ಯಾಯವನ್ನು ದೊರಕಿಸಲು ಅಲ್ಲಿ ದುಡಿಯುತ್ತಿದ್ದ ಒಬ್ಬ ಮಹಿಳೆಯ ವೃತ್ತಾಂತವು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆಕೆ ಆಂಧ್ರಳಲ್ಲ, ಭಾರತೀಯಳೂ ಅಲ್ಲ. ಆಸ್ಟ್ರೇಲಿಯದಲ್ಲಿ ಹುಟ್ಟಿ, ಗುಂಟೂರಿನಲ್ಲಿ ಬಾಳನ್ನು ಸವೆಸಿ, ನಮ್ಮ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದ ಡಾಕ್ಟರ್ ಮೇರಿ ಗ್ಲೌರಿಯವರ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದೆ ಇರಿಸಲು ನಾವು ಇಚ್ಛಿಸುತ್ತೇವೆ.

ಮೇರಿ ಗ್ಲೌರಿಯವರು 1887ನೆಯ ಇಸವಿ ಜೂನ್ 23ರಂದು ವಿಕ್ಟೋರಿಯ ಪ್ರಾಂತದ ಬಿರೆಗುರ್ರಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಮೆಲ್ಬರ್ನ್ ವಿಶ್ವವಿದ್ಯಾಲಯವು ವೈದ್ಯ ಶಿಕ್ಷಣಕ್ಕೆ ಹೆಂಗಸರನ್ನು ಮೊದಲ ಬಾರಿಗೆ ಸೇರಿಸಿಕೊಂಡದ್ದೂ ಅದೇ ವರ್ಷ. ಆ ಬಾಗಿಲು ತೆರೆಯದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಬಾಲಿಕೆಯು ವಿದ್ಯಾರ್ಥಿವೇತನದ ಬಲದಿಂದ ಓದಿ, ಅದೇ ವಿಶ್ವವಿದ್ಯಾಲಯವನ್ನು ಸೇರಿ, 1910ರಲ್ಲಿ ವೈದ್ಯ ಪದವಿಯನ್ನು ಪಡೆದರು. ಬಳಿಕ ಮೆಲ್ಬರ್ನಿನ ಆಸ್ಪತ್ರೆಗಳಲ್ಲಿ ದುಡಿದು, ಆ ನಗರದಲ್ಲಿ ವೈದ್ಯರ ಬೀದಿಯೆಂದೇ ಹೆಸರಾದ ಕಾಲಿನ್ಸ್ ಬೀದಿಯಲ್ಲಿ ಸ್ವಂತ ಚಿಕಿತ್ಸಾಲಯವನ್ನೂ ತೆರೆದರು. 1916ರಲ್ಲಿ ಕೆಥೋಲಿಕ್ ಸ್ತ್ರೀಯರ ಸಮಾಜ ಸೇವಾ ಸಂಘವೊಂದಕ್ಕೆ ಪ್ರಥಮ ಅಧ್ಯಕ್ಷಿಣಿಯಾದರು. ಹಣ, ಮಾನ, ಬಂಧುಬಳಗ ಯಾವುದಕ್ಕೂ ಕೊರತೆ ಇರಲಿಲ್ಲ.

ಆದರೆ 1915ರಲ್ಲಿ ಒಂದು ಕಿರುಹೊತ್ತಗೆ ಅವರ ಕೈಗೆ ಬಂದಿದ್ದಿತು. ಅದು ಸ್ಕಾಟ್ಲೆಂಡಿನ ವೈದ್ಯೆ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ಅವರನ್ನು ಕುರಿತದ್ದು. ಮೆಕ್ಲಾರೆನ್ ಅವರು ಮುಪ್ಪಿನ ವಯಸ್ಸಿನಲ್ಲಿ ಭಾರತಕ್ಕೆ ಬಂದು ರಾವಲ್ಪಿಂಡಿಯಲ್ಲಿ ಹೆಂಗಸರಿಗಾಗಿ ಆಸ್ಪತ್ರೆಯನ್ನು ಕಟ್ಟಿಸಲು ಶ್ರಮಿಸಿ, 1913ರಲ್ಲಿ ತೀರಿಕೊಂಡಿದ್ದರು. ಆ ದಿನಗಳಲ್ಲಿ ನಮ್ಮ ದೇಶದ ಎಷ್ಟೋ ಮನೆತನಗಳ ಹೆಂಗಸರು ಪರಪುರುಷನಾದ ವೈದ್ಯನ ಮುಂದೆ ಬರುತ್ತಿರಲಿಲ್ಲ. ವೈದ್ಯೆಯರೋ ವಿರಳ. ಹೆರಿಗೆ ಕಷ್ಟವಾದಾಗ ಊರ ಸೂಲಗಿತ್ತಿಯ ಕೈಗುಣವೇ ಗತಿ. ಅದೂ ಕೈಕೊಟ್ಟಿತೆಂದರೆ ತಾಯಿಯೋ ಮಗುವೋ, ಎಷ್ಟೋ ಸಲ ಇಬ್ಬರೂ, ಇಲ್ಲವಾಗುತ್ತಿದ್ದರು. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಬರಿಯ ಮಾತಿನ ಅಲಂಕಾರವಲ್ಲ. ಈ ಸಂಗತಿಯನ್ನು ಓದಿದಂದೇ ಗ್ಲೌರಿಯವರು ತಮ್ಮ ದಾರಿಯನ್ನು ನಿಶ್ಚಯಿಸಿಕೊಂಡರು. ಆದರೆ ದುಡುಕಲಿಲ್ಲ. ಮುಂದಿನ ಕಾರ್ಯಕ್ಕೆ ಬೇಕಾದ ವಿದ್ಯೆಯನ್ನು ಮೊದಲು ಸಂಪಾದಿಸಿದರು. ಪ್ರಸೂತಿ, ಸ್ತ್ರೀರೋಗ ಮತ್ತು ನೇತ್ರ ಚಿಕಿತ್ಸೆಗಳಲ್ಲಿ ಉನ್ನತ ವ್ಯಾಸಂಗವನ್ನು ಮಾಡಿ 1919ರಲ್ಲಿ ಎಂ.ಡಿ. ಪದವಿಯನ್ನು ಗಳಿಸಿದರು. 1920ರ ಫೆಬ್ರುವರಿ ತಿಂಗಳಲ್ಲಿ ಗುಂಟೂರನ್ನು ತಲಪಿದರು. ಆಗ ಅವರಿಗೆ ಮೂವತ್ತೆರಡು ವಯಸ್ಸು. ಹುಟ್ಟಿದ ನಾಡನ್ನು ಅವರು ಮತ್ತೆ ಕಾಣಲಿಲ್ಲ.

ಗುಂಟೂರಿನಲ್ಲಿ ಅವರು ಸೇರಿದ್ದು ಹಾಲೆಂಡಿನಲ್ಲಿ ಸ್ಥಾಪಿತವಾಗಿದ್ದ ಜೀಸಸ್ ಮೇರಿ ಜೋಸೆಫ್ ಸಂನ್ಯಾಸಿನೀ ಸಭೆಯನ್ನು. ಇಲ್ಲಿ ಒಂದು ದೊಡ್ಡ ತೊಡಕು ಎದುರಾಯಿತು. ವಾಚಕರು ಇದನ್ನು ಅವಶ್ಯವಾಗಿ ಗಮನಿಸಬೇಕು. ಏಕೆಂದರೆ ಗ್ಲೌರಿಯವರ ಜೀವನದ ಮಹತ್ವವು ಈ ತೊಡಕಿನಲ್ಲಿಯೇ ಅಡಗಿದೆ. ವ್ರತವನ್ನು ಕೈಗೊಂಡ ಸಂನ್ಯಾಸಿನಿಯರು ವೈದ್ಯ ವೃತ್ತಿಯನ್ನು ನಡೆಸಕೂಡದೆಂಬುದು ಅಂದಿನ ಕೆಥೋಲಿಕ್ ಧರ್ಮಸಭೆಯ ಕಟ್ಟಳೆ. ರೋಗಿಯ ಬಳಿ ಕುಳಿತು ಶುಶ್ರೂಷೆ ಮಾಡಬಹುದು. ಆದರೆ ಹೆರಿಗೆ ಮಾಡಿಸುವ ಕೆಲಸವು ಸಂನ್ಯಾಸಕ್ಕೆ ತಕ್ಕುದಲ್ಲವೆಂದು ಎಣಿಕೆ. ಮೆಕ್ಲಾರೆನ್ ಅವರು ಈ ನಿಷೇಧವನ್ನು ತೆಗೆಯಬೇಕೆಂದು ರೋಮಿಗೆ ಮತ್ತೆ ಮತ್ತೆ ಬಿನ್ನವಿಸಿಕೊಂಡು, ಫಲವನ್ನು ಕಾಣದೆಯೇ ತೀರಿಕೊಂಡಿದ್ದರು. ವೈದ್ಯೆಯಾಗಿ ಉಳಿದರೆ ಸಂನ್ಯಾಸವಿಲ್ಲ, ಸಂನ್ಯಾಸಿನಿಯಾದರೆ ವೈದ್ಯವಿಲ್ಲ ಎಂಬ ಇಕ್ಕಟ್ಟು ಇದು. ಗ್ಲೌರಿಯವರು ಎರಡರಲ್ಲಿ ಒಂದನ್ನೂ ಬಿಡಲು ಒಪ್ಪಲಿಲ್ಲ. ಕೊನೆಗೆ ಪೋಪ್ ಹದಿನೈದನೆಯ ಬೆನೆಡಿಕ್ಟರಿಂದ ವಿಶೇಷ ಅನುಮತಿ ದೊರೆಯಿತು. ಹೀಗೆ ಸಂನ್ಯಾಸಿನಿಯಾಗಿಯೇ ವೈದ್ಯ ವೃತ್ತಿಗೆ ಅನುಮತಿಯನ್ನು ಪಡೆದವರಲ್ಲಿ ಮೊದಲಿಗರೆಂದು ಅವರು ಚರಿತ್ರೆಯಲ್ಲಿ ನಿಂತಿದ್ದಾರೆ. ಸಭೆಯಲ್ಲಿ ಅವರು ತಾಳಿದ ಹೆಸರು ಪವಿತ್ರ ಹೃದಯದ ಸಿಸ್ಟರ್ ಮೇರಿ.

ಒಂದು ಸಣ್ಣ ಔಷಧಾಲಯವಾಗಿ ಆರಂಭವಾದ ಕಾರ್ಯವು ಅವರ ಪರಿಶ್ರಮದಿಂದ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. 1927ರಿಂದ 1936ರವರೆಗಿನ ಅವಧಿಯಲ್ಲಿ ಅವರೂ ಅವರ ಸಹೋದರಿಯರೂ ಆರೈಕೆ ಮಾಡಿದ ರೋಗಿಗಳ ಲೆಕ್ಕವು ಆರು ಲಕ್ಷವನ್ನು ಮೀರಿತ್ತು. ಔಷಧಿಗೂ ಕಟ್ಟಡಕ್ಕೂ ಬೇಕಾದ ಹಣಕ್ಕಾಗಿ ಮೆಲ್ಬರ್ನಿನ ಗೆಳತಿಯರಿಗೆ ಓಲೆಗಳು ಹೋಗುತ್ತಿದ್ದವು. ತಾವು ಹಿಂದೆ ಅಧ್ಯಕ್ಷತೆ ವಹಿಸಿದ್ದ ಸಂಘವೇ ಅವರ ಆಸ್ಪತ್ರೆಗೆ ಆಸರೆಯಾಯಿತು. ವಿದೇಶದ ಮದ್ದಿನ ಬೆಲೆ ಬಡವರಿಗೆ ಎಟುಕದೆಂಬುದನ್ನು ಕಂಡುಕೊಂಡ ಅವರು ನಮ್ಮ ನೆಲದ ಗಿಡಮೂಲಿಕೆಗಳ ಗುಣಗಳನ್ನೂ ಅಭ್ಯಾಸ ಮಾಡಿದರು. ಮೆಲ್ಬರ್ನಿನ ಎಂ.ಡಿ. ಪದವಿಯು ನಾಟಿ ಮದ್ದಿನ ಮುಂದೆ ತಲೆಬಾಗಿ ಕಲಿಯಲು ಅವರಿಗೆ ಅಡ್ಡಿಯಾಗಲಿಲ್ಲ.

ಇದಕ್ಕಿಂತಲೂ ದೂರದೃಷ್ಟಿಯ ಕಾರ್ಯ ಇನ್ನೊಂದುಂಟು. ಒಬ್ಬ ವೈದ್ಯೆ ಎಷ್ಟೇ ದುಡಿದರೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆಗಳು, ಕೈಗಳು ಎರಡೇ. ಇದನ್ನರಿತ ಅವರು ಸ್ಥಳೀಯ ಹೆಣ್ಣುಮಕ್ಕಳನ್ನು ದಾದಿಯರನ್ನಾಗಿ, ಸೂಲಗಿತ್ತಿಯರನ್ನಾಗಿ, ಕಾಂಪೌಂಡರುಗಳನ್ನಾಗಿ ತರಬೇತಿಗೊಳಿಸಿದರು. ಅನ್ನವನ್ನು ಕೊಟ್ಟರೆ ಅಂದಿನ ಹಸಿವು ಅಡಗುತ್ತದೆ. ವಿದ್ಯೆಯನ್ನು ಕೊಟ್ಟರೆ ಅದು ಮನೆಯಿಂದ ಮನೆಗೆ, ತಲೆಯಿಂದ ತಲೆಗೆ ಹರಿಯುತ್ತದೆ. ಮೇಷ್ಟರುಗಳಾದ ನಮಗೆ ಗ್ಲೌರಿಯವರ ಈ ಮುಖವು ವಿಶೇಷವಾಗಿ ಪ್ರಿಯವಾದದ್ದು.

ಅವರಿಗೊಬ್ಬರಿಗೆ ಸಂದ ಅನುಮತಿಯು ಮುಂದೆ ಎಲ್ಲರಿಗೂ ಸಲ್ಲುವ ಕಾಲವೂ ಬಂದಿತು. ಮೆಕ್ಲಾರೆನ್ ಅವರ ಪ್ರೇರಣೆಯಿಂದಲೇ ವೈದ್ಯೆಯಾಗಿ ರಾವಲ್ಪಿಂಡಿಯಲ್ಲಿ ದುಡಿದ ಆಸ್ಟ್ರಿಯದ ಡಾಕ್ಟರ್ ಅನ್ನಾ ಡೆಂಗೆಲ್ ಅವರು 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಸಹೋದರಿಯರ ಮಂಡಲಿಯೊಂದನ್ನು ಸ್ಥಾಪಿಸಿ, ನಿಷೇಧದ ನಿವಾರಣೆಗಾಗಿ ಹೋರಾಡಿದರು. 1936ರ ಫೆಬ್ರುವರಿ 11ರಂದು ರೋಮಿನಿಂದ ಹೊರಟ ಆಜ್ಞೆಯು ಸಂನ್ಯಾಸಿನಿಯರು ವೈದ್ಯವನ್ನೂ ಪ್ರಸೂತಿ ವಿದ್ಯೆಯನ್ನೂ ಕಲಿತು ಆಚರಿಸಲು ದಾರಿ ಮಾಡಿಕೊಟ್ಟಿತು. ಸಂನ್ಯಾಸವೂ ಹೆರಿಗೆ ಮನೆಯೂ ಒಂದಕ್ಕೊಂದು ವಿರೋಧವಲ್ಲವೆಂಬುದನ್ನು ಗುಂಟೂರು ಅದಕ್ಕೆ ಹದಿನೈದು ವರ್ಷಗಳಷ್ಟು ಮೊದಲಿನಿಂದಲೂ ಮಾಡಿ ತೋರಿಸುತ್ತಿದ್ದಿತು.

1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಗ್ಲೌರಿಯವರು ಹದಿನಾರು ಮಂದಿ ಸಂನ್ಯಾಸಿನಿಯರನ್ನು ಒಂದುಗೂಡಿಸಿ ಕೆಥೋಲಿಕ್ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಚದರಿದ್ದ ಸಣ್ಣ ಸಣ್ಣ ಆಸ್ಪತ್ರೆಗಳಿಗೆ ಒಗ್ಗಟ್ಟಿನ ಬಲವನ್ನು ತರುವುದು ಅದರ ಉದ್ದೇಶ. ಇಂದು ಕೆಥೋಲಿಕ್ ಹೆಲ್ತ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಹೆಸರಿನಿಂದ ನಡೆಯುತ್ತಿರುವ ಆ ಸಂಘದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ನಮ್ಮ ದೇಶದಲ್ಲಿಯೇ ಒಂದು ಕೆಥೋಲಿಕ್ ವೈದ್ಯಕೀಯ ಕಾಲೇಜು ಆಗಬೇಕೆಂಬುದು ಅವರ ಹಂಬಲವಾಗಿದ್ದಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ಅರ್ಬುದ ರೋಗದಿಂದ ಬಹಳ ನೊಂದು, 1957ರ ಮೇ 5ರಂದು ಬೆಂಗಳೂರಿನಲ್ಲಿ ಅವರು ದೈವಾಧೀನರಾದರು. ಆರು ವರ್ಷಗಳ ಬಳಿಕ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. 2013ರಲ್ಲಿ ಧರ್ಮಸಭೆಯು ಗ್ಲೌರಿಯವರನ್ನು ದೇವರ ಸೇವಕಿಯೆಂದು ಘೋಷಿಸಿತು. ಸಂತಪದವಿಯ ಮೆಟ್ಟಿಲುಗಳಲ್ಲಿ ಅದು ಮೊದಲನೆಯದು.

ಅನ್ಯಮತದ ಸಂನ್ಯಾಸಿನಿಯ ಚರಿತ್ರೆಯು ಕನ್ನಡ ಸಂಘದ ಸಂಚಿಕೆಗೆ ಏತಕ್ಕೆಂದು ಯಾರಾದರೂ ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಆಕೆಯ ಸೇವೆಯು ಆಕೆಯ ಧರ್ಮಶ್ರದ್ಧೆಯಿಂದಲೇ ಹುಟ್ಟಿತೆಂಬುದನ್ನು ನಾವು ಮರೆಮಾಚುವುದಿಲ್ಲ. ಹಾಗೆ ಮರೆಮಾಚಿದರೆ ಆಕೆಗೆ ಅನ್ಯಾಯ ಮಾಡಿದಂತಾಗುವುದು. ಆದರೆ ಬೇನೆ ತಿನ್ನುತ್ತಿರುವ ಹೆಣ್ಣಿಗೆ ಬೇಕಾದುದು ಪಳಗಿದ ಕೈ ಮತ್ತು ಒಂದು ಧೈರ್ಯದ ಮಾತು. ನಮ್ಮಲ್ಲಿಯೂ ಸಂನ್ಯಾಸಿಗಳಿಗೆ ಕೊರತೆಯಿಲ್ಲ, ವಿದ್ಯಾವಂತರಿಗೂ ಕೊರತೆಯಿಲ್ಲ. ಪದವಿಯ ವಿದ್ಯೆಯೂ ತ್ಯಾಗದ ಮನಸ್ಸೂ ಒಬ್ಬರಲ್ಲಿಯೇ ಕೂಡಿದರೆ ಏನಾಗಬಲ್ಲುದೆಂಬುದಕ್ಕೆ ಗ್ಲೌರಿಯವರು ನಿದರ್ಶನ.

ಗಡಿನಾಡಿನವರಾದ ನಮಗೆ ಇನ್ನೊಂದು ಮಾತೂ ಇದರಿಂದ ದೊರೆಯುತ್ತದೆ. ಮನೆಯೊಳಗೆ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂಬ ಬಾಳು ನಮ್ಮದು. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೆ ಮುಂದೇನು ಗತಿಯೆಂಬ ಚಿಂತೆಯನ್ನು ನಮ್ಮ ತಾಯಿತಂದೆಗಳು ಪ್ರತಿವರ್ಷವೂ ನಮ್ಮ ಮುಂದೆ ತೋಡಿಕೊಳ್ಳುತ್ತಾರೆ. ಸಾವಿರಾರು ಮೈಲಿ ದೂರದಿಂದ, ತನ್ನ ನುಡಿಯನ್ನಾಡುವವರಿಲ್ಲದ ಊರಿಗೆ ಬಂದು, ಮೂವತ್ತೇಳು ವರ್ಷ ಈ ದೇಶದಲ್ಲಿಯೇ ನೆಲೆನಿಂತು ದುಡಿದವಳ ಕಥೆಯನ್ನು ಅವರು ತಮ್ಮ ಹೆಣ್ಣುಮಕ್ಕಳಿಗೆ ಓದಿ ಹೇಳಲಿ. ತಾಯ್ನುಡಿಯಲ್ಲಿ ಬಲಿತ ಬುದ್ಧಿಯು ಯಾವ ನಾಡಿನಲ್ಲಿಯೂ ನೆಲೆ ಕಾಣಬಲ್ಲುದು. ದಾದಿಯ ಕೆಲಸವನ್ನು ಕೀಳೆಂದು ಬಗೆಯದೆ, ವೈದ್ಯ ವಿದ್ಯೆಯನ್ನು ಹಣದ ಗಣಿಯೆಂದು ಬಗೆಯದೆ, ನಮ್ಮ ಊರುಗಳ ಹೆಣ್ಣುಮಕ್ಕಳು ಆ ದಾರಿಯನ್ನು ಹಿಡಿಯಲಿ. ಆದವಾನಿಯ ಆಸ್ಪತ್ರೆಯಲ್ಲಿ ಕನ್ನಡ ಮಾತ್ರ ಬಲ್ಲ ಮುದುಕಿಯೊಬ್ಬಳು ತನ್ನ ನೋವನ್ನು ತನ್ನ ನುಡಿಯಲ್ಲಿಯೇ ಹೇಳಿಕೊಂಡು, ಅದೇ ನುಡಿಯಲ್ಲಿ ಸಮಾಧಾನವನ್ನು ಕೇಳುವಂತಾಗಲಿ.