ಹಿತ್ತಲಲ್ಲಿ ಕುಳಿತು ಉಪಗ್ರಹ ಹಿಡಿದವರು

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ, ಅದನ್ನು ಬೆನ್ನಟ್ಟುವ ವ್ಯವಸ್ಥೆಯೇ ಅಮೆರಿಕದ ಬಳಿ ಇರಲಿಲ್ಲ ಎಂದೇನಲ್ಲ. ಇತ್ತು. ಆದರೆ ಅದೆಲ್ಲ ತಾನು ಮುಂದೆ ಹಾರಿಸಲಿದ್ದ ಉಪಗ್ರಹಕ್ಕೆಂದು ಮಾಡಿಟ್ಟುಕೊಂಡದ್ದು. ಮಿನಿಟ್ರ್ಯಾಕ್ ಎಂಬ ರೇಡಿಯೊ ಕೇಂದ್ರಗಳ ಸಾಲು 108 ಮೆಗಾಹರ್ಟ್ಸ್‌ಗೆ ಕಿವಿಗೊಟ್ಟು ಕೂತಿತ್ತು. ಸ್ಪುಟ್ನಿಕ್ ‘ಬೀಪ್ ಬೀಪ್’ ಎಂದದ್ದು 20 ಮತ್ತು 40ರಲ್ಲಿ. ಉಪಗ್ರಹಗಳ ಚಿತ್ರ ತೆಗೆಯಲೆಂದೇ ರೂಪಿಸಿದ್ದ ಬೇಕರ್-ನನ್ ಕ್ಯಾಮೆರಾಗಳಲ್ಲಿ ಒಂದೂ ಇನ್ನೂ ತನ್ನ ಜಾಗ ಸೇರಿರಲಿಲ್ಲ. ತಯಾರಾಗಿದ್ದವರು ಬೇರೆಯೇ ಜನ: ಶಾಲಾ ಹುಡುಗರು, ಮೇಷ್ಟ್ರುಗಳು, ಗೃಹಿಣಿಯರು, ಆಫೀಸು ಮುಗಿಸಿ ಬಂದ ಗುಮಾಸ್ತರು. ಕೈಯಲ್ಲಿ ಅಂಗೈಯಗಲವೂ ಇಲ್ಲದ ಮಸೂರದ ದೂರದರ್ಶಕ, ಪಕ್ಕದಲ್ಲೊಂದು ರೇಡಿಯೊ.

ಅವರನ್ನು ಹಾಗೆ ಕೂರಿಸಿದವನು ಫ್ರೆಡ್ ವಿಪಲ್. ಧೂಮಕೇತುವೆಂದರೆ ಧೂಳು ಮೆತ್ತಿದ ಮಂಜಿನ ಉಂಡೆ ಎಂದು 1950ರಲ್ಲೇ ವಾದಿಸಿದ್ದ ಹಾರ್ವರ್ಡಿನ ಖಗೋಳ ವಿಜ್ಞಾನಿ, 1955ರಿಂದ ಸ್ಮಿತ್‌ಸೋನಿಯನ್ ಖಭೌತ ವೀಕ್ಷಣಾಲಯದ ನಿರ್ದೇಶಕ. ಅದೇ ವರ್ಷದ ಜುಲೈ 29ರಂದು ಅಮೆರಿಕ, 1957ರ ಜುಲೈಯಿಂದ 1958ರ ಡಿಸೆಂಬರ್‌ವರೆಗೆ ನಡೆಯಲಿದ್ದ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಉಪಗ್ರಹ ಹಾರಿಸುವುದಾಗಿ ಸಾರಿತ್ತು. ಉಪಗ್ರಹದೊಳಗಿನ ರೇಡಿಯೊ ಕೆಟ್ಟು ಸುಮ್ಮನಾದರೆ ಏನು ಗತಿ ಎಂಬುದು ವಿಪಲ್‌ನ ಪ್ರಶ್ನೆ. ಆಗ ಉಳಿಯುವುದು ಕಣ್ಣೊಂದೇ. ಶತ್ರು ವಿಮಾನ ಬಂದೀತೆಂದು ಊರೂರಿನ ಸ್ವಯಂಸೇವಕರು ಆಕಾಶ ಕಾಯುತ್ತಿದ್ದ ಪದ್ಧತಿ ಅಮೆರಿಕನ್ನರಿಗೆ ಹೊಸದೇನೂ ಆಗಿರಲಿಲ್ಲ. ಅದನ್ನೇ ಇನ್ನಷ್ಟು ಮೇಲಕ್ಕೆ ತಿರುಗಿಸಿದರೆ ‘ಆಪರೇಷನ್ ಮೂನ್‌ವಾಚ್’. ಹವ್ಯಾಸಿಗಳನ್ನು ನಂಬಿ ಕಕ್ಷೆ ಲೆಕ್ಕ ಹಾಕುವುದೇ ಎಂದು ಮೂಗು ಮುರಿದ ವೃತ್ತಿಪರರೂ ಇದ್ದರು. ವಿಪಲ್‌ನಿಗೆ ಪ್ರಚಾರದ ಚಾಕಚಕ್ಯತೆಯೂ ಇತ್ತೆನ್ನಬೇಕು. ಊರಿಗೊಂದು ತಂಡವಿದ್ದರೆ ಊರಿನ ಪತ್ರಿಕೆಗೊಂದು ಸುದ್ದಿ.

ಕೆಲಸದ ಬಗೆ ಹೀಗಿತ್ತು. ಮೈದಾನದಲ್ಲೋ ತಾರಸಿಯ ಮೇಲೋ ಉತ್ತರ-ದಕ್ಷಿಣವಾಗಿ ಒಂದು ಸಾಲು ಮೇಜು, ನಡುವೆ ಎತ್ತರದ ಕಂಬ. ನೆತ್ತಿಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹಾಯುವ ಕಲ್ಪಿತ ಗೆರೆಯನ್ನು ಆ ಕಂಬ ತೋರಿಸುತ್ತದೆ. ಪ್ರತಿ ಮೇಜಿನ ಮೇಲೆ ಐದು ಸೆಂಟಿಮೀಟರ್ ಮಸೂರದ ದೂರದರ್ಶಕ. ಹಿಗ್ಗಿಸುವುದು ಐದೂವರೆ ಪಟ್ಟಷ್ಟೇ, ಆದರೆ ಒಮ್ಮೆಗೆ ಹನ್ನೆರಡು ಡಿಗ್ರಿ ಆಕಾಶ ಕಾಣುತ್ತದೆ. ಮುಂದೊಂದು ಕನ್ನಡಿ ಕೂರಿಸಿದ್ದರಿಂದ ಕತ್ತೆತ್ತುವ ಕಷ್ಟವಿಲ್ಲ. ಮೇಜಿನತ್ತ ಬಾಗಿ, ಪುಸ್ತಕ ಓದುವಂತೆ ಆಕಾಶ ನೋಡಬಹುದು. ಒಬ್ಬೊಬ್ಬರಿಗೆ ಆ ಗೆರೆಯ ಒಂದೊಂದು ತುಂಡು, ಪಕ್ಕದವರ ತುಂಡಿನೊಂದಿಗೆ ಕೊಂಚ ಬೆಸೆದುಕೊಂಡಂತೆ. ಎಲ್ಲ ಸೇರಿದರೆ ಆಕಾಶಕ್ಕೊಂದು ಬೇಲಿ. ಉಪಗ್ರಹ ಎಲ್ಲಿ ದಾಟಿದರೂ ಯಾರಾದರೊಬ್ಬರ ಕಣ್ಣಿಗೆ ಬೀಳಲೇಬೇಕು.

ಬಿದ್ದ ಕ್ಷಣವೇ ಕೂಗಬೇಕು. ರೇಡಿಯೊದಲ್ಲಿ ಬರುತ್ತಿದ್ದ ಸಮಯದ ಟಿಕ್‌ಟಿಕ್ ಸದ್ದೂ ಆ ಕೂಗೂ ಒಂದೇ ಟೇಪಿನಲ್ಲಿ ದಾಖಲಾಗುತ್ತಿದ್ದವು. ಉಪಗ್ರಹ ಸೆಕೆಂಡಿಗೆ ಸುಮಾರು ಎಂಟು ಕಿಲೋಮೀಟರ್ ಓಡುವುದರಿಂದ, ನೋಡುವವನು ಒಂದು ಸೆಕೆಂಡ್ ತಡವರಿಸಿದರೆ ಲೆಕ್ಕದಲ್ಲಿ ಎಂಟು ಕಿಲೋಮೀಟರ್ ತಪ್ಪು. ಅದಕ್ಕೇ ತಾಲೀಮು. ಆಕಾಶದಲ್ಲಿ ಇನ್ನೂ ಒಂದು ಉಪಗ್ರಹವೂ ಇಲ್ಲದ ಕಾಲದಲ್ಲಿ, ಮಂದ ದೀಪ ಹೊತ್ತು ಹಾರುವ ಸಣ್ಣ ವಿಮಾನವನ್ನೇ ಉಪಗ್ರಹವೆಂದು ಭಾವಿಸಿ ಅಭ್ಯಾಸ ನಡೆದಿತ್ತು.

ಕಾಯುವ ಹೊತ್ತನ್ನು ಸೂರ್ಯನೇ ಗೊತ್ತುಮಾಡಿದ್ದ. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನೆಲದಲ್ಲಿ ಕತ್ತಲಾಗಿರಬೇಕು, ನೂರಾರು ಕಿಲೋಮೀಟರ್ ಮೇಲೆ ಮಾತ್ರ ಇನ್ನೂ ಬಿಸಿಲಿರಬೇಕು. ಹಾಗಾಗಿ ಮುಸ್ಸಂಜೆ ಕಳೆದ ಒಂದೆರಡು ಗಂಟೆ, ಇಲ್ಲವೇ ಮೂಡಲು ಕೆಂಪಾಗುವ ಮುಂಚಿನ ಒಂದೆರಡು ಗಂಟೆ. ಇಂದಿಗೂ ತಾರಸಿಗೆ ಹೋಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹುಡುಕುವವರಿಗೆ ಇದೇ ನಿಯಮ. ಶುಕ್ರನೋ ಗುರುವೋ ಕಣ್ಣಿಗೆ ನಿಂತಂತೆ ಕಾಣುವಲ್ಲಿ, ಮಿನುಗದೆ ಸಾಗಿ ಹೋಗುವ ಚುಕ್ಕಿ ಉಪಗ್ರಹ. ನಡು ಆಕಾಶದಲ್ಲಿ ತಟ್ಟನೆ ಮಾಯವಾದರೆ ಅದು ಭೂಮಿಯ ನೆರಳಿಗೆ ಸಿಕ್ಕಿದೆ ಎಂದರ್ಥ.

ಸ್ಪುಟ್ನಿಕ್ ಕಂಡೆವೆಂದು ಆ ಅಕ್ಟೋಬರಿನಲ್ಲಿ ಲಕ್ಷಾಂತರ ಜನ ಹೇಳಿಕೊಂಡರು. ನಿಜಕ್ಕೂ ಬಹುತೇಕರು ಕಂಡದ್ದು ಅದನ್ನು ಹೊತ್ತೊಯ್ದ ರಾಕೆಟ್ಟಿನ ಖಾಲಿ ಒಡಲನ್ನು. ಸ್ಪುಟ್ನಿಕ್ 58 ಸೆಂಟಿಮೀಟರ್ ಅಡ್ಡಳತೆಯ ಗೋಳ, ಬರಿಗಣ್ಣಿಗೆ ದಕ್ಕುವುದೇ ಕಷ್ಟ. ಜೊತೆಯಲ್ಲೇ ಸುತ್ತುತ್ತಿದ್ದ ರಾಕೆಟ್ಟು ಇಪ್ಪತ್ತೈದು ಮೀಟರಿಗೂ ಉದ್ದ. ಮೂನ್‌ವಾಚ್ ತಂಡಗಳಿಗೆ ಎರಡೂ ಬೇಕಿದ್ದವು. ಅಮೆರಿಕ ಯೋಜಿಸಿದ್ದ ಕಕ್ಷೆ ಸಮಭಾಜಕದತ್ತ ವಾಲಿದ್ದರೆ ಸೋವಿಯತ್ ಕಕ್ಷೆ 65 ಡಿಗ್ರಿ ಓರೆಯಾಗಿತ್ತು. ಮುಂಚಿನ ಏರ್ಪಾಟೆಲ್ಲ ತಲೆಕೆಳಗು. ಆ ಮೊದಲ ವಾರಗಳಲ್ಲಿ, ಕ್ಯಾಮೆರಾಗಳು ಬರುವವರೆಗೆ, ಹವ್ಯಾಸಿಗಳು ಕಳಿಸಿದ ಅಂಕಿಗಳೇ ವಿಪಲ್‌ನ ಲೆಕ್ಕಿಗರಿಗೆ ಆಧಾರವಾದವು.

ಕ್ಯಾಮೆರಾಗಳೂ ಬಂದವು, ಜಗತ್ತಿನ ಹನ್ನೆರಡು ಕಡೆ. ಒಂದು 1958ರಲ್ಲಿ ನೈನಿತಾಲಿಗೆ ಬಂತು. ಆಗ ಅಲ್ಲಿನ ಉತ್ತರ ಪ್ರದೇಶ ಸರ್ಕಾರದ ವೀಕ್ಷಣಾಲಯವನ್ನು ನೋಡಿಕೊಳ್ಳುತ್ತಿದ್ದವರು ವೇಣು ಬಾಪು. ಹಾರ್ವರ್ಡಿನಲ್ಲಿ ಓದುವಾಗಲೇ 1949ರಲ್ಲಿ ಧೂಮಕೇತುವೊಂದನ್ನು ಕಂಡುಹಿಡಿದು ಹೆಸರು ಕೊಟ್ಟವರು. ಮುಂದೆ ಕಾವಲೂರಿನ ವೀಕ್ಷಣಾಲಯವನ್ನೂ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನೂ ಕಟ್ಟಿದವರು.

ದೊಡ್ಡ ಕ್ಯಾಮೆರಾ ಬಂದ ಮೇಲೂ ಮೂನ್‌ವಾಚ್ ಮುಚ್ಚಲಿಲ್ಲ. ಕ್ಯಾಮೆರಾಕ್ಕೆ ಎಲ್ಲಿ ನೋಡಬೇಕೆಂದು ಮೊದಲೇ ಹೇಳಬೇಕು. ದಾರಿ ತಪ್ಪಿದ ಉಪಗ್ರಹವನ್ನು ಮರಳಿ ಹುಡುಕುವುದಕ್ಕೆ ಬೇಲಿ ಕಟ್ಟಿ ಕೂತ ಕಣ್ಣುಗಳೇ ವಾಸಿ. ಉಪಗ್ರಹ ಸಾಯುವ ಹೊತ್ತಂತೂ ಅವರದೇ. ಕೆಳಗಿಳಿದಂತೆ ಗಾಳಿ ಅದನ್ನು ಹೇಗೆ ಹಿಡಿದೆಳೆಯುತ್ತದೆ ಎಂಬುದರಿಂದ ಮೇಲಿನ ವಾಯುಮಂಡಲದ ಸಾಂದ್ರತೆ ತಿಳಿಯುತ್ತಿತ್ತು. ಸೂರ್ಯನ ಆರ್ಭಟ ಹೆಚ್ಚಿದಾಗ ಅಲ್ಲಿನ ಗಾಳಿ ಉಬ್ಬುತ್ತದೆ ಎಂಬುದು ಹೊರಬಿದ್ದದ್ದು ಇಂಥ ಲೆಕ್ಕಗಳಿಂದಲೇ. ಬ್ರಿಟನ್ನಿನಲ್ಲಿ ಡೆಸ್ಮಂಡ್ ಕಿಂಗ್-ಹೀಲಿ ಹವ್ಯಾಸಿಗಳ ವೀಕ್ಷಣೆಗಳನ್ನು ಕಲೆಹಾಕಿ ದಶಕಗಳ ಕಾಲ ಇದೇ ಕೆಲಸ ಮಾಡಿದ.

ಎಲ್ಲಕ್ಕಿಂತ ರಂಗಾದ ಪ್ರಸಂಗ ವಿಸ್ಕಾನ್ಸಿನ್ ರಾಜ್ಯದ್ದು. 1960ರ ಮೇ 15ರಂದು ಹಾರಿದ ಸ್ಪುಟ್ನಿಕ್-4, ಭೂಮಿಗೆ ಮರಳಲು ಎಂಜಿನ್ ಉರಿಸಿದಾಗ ಮುಖ ತಪ್ಪಾದ ದಿಕ್ಕಿಗಿದ್ದು ಇನ್ನೂ ಮೇಲಿನ ಕಕ್ಷೆಗೆ ಹೋಗಿಬಿಟ್ಟಿತು. ಎರಡು ವರ್ಷ ಅಲೆದು, 1962ರ ಸೆಪ್ಟೆಂಬರ್ 5ರ ನಸುಕಿನಲ್ಲಿ ಉರಿದುರಿದು ಬಿತ್ತು. ಮಿಲ್ವಾಕಿಯ ಮೂನ್‌ವಾಚ್ ತಂಡ ಅದನ್ನು ಕಣ್ಣಾರೆ ಕಂಡಿತು. ಅತ್ತ ಮ್ಯಾನಿಟೋವಾಕ್ ಪಟ್ಟಣದ ಬೀದಿ ನಡುವೆ ಗಸ್ತಿನ ಇಬ್ಬರು ಪೊಲೀಸರಿಗೆ ಲೋಹದ ತುಂಡೊಂದು ಸಿಕ್ಕಿತು. ಯಾವುದೋ ಫೌಂಡ್ರಿಯ ಕಿಟ್ಟವೆಂದು ಅದನ್ನು ಪಕ್ಕಕ್ಕೆ ಸರಿಸಿ ನಡೆದರು. ಸುದ್ದಿ ಕೇಳಿದ ಮೇಲೆ ಓಡಿ ಬಂದರು. ತುಂಡು ಅಲ್ಲೇ ಬಿದ್ದಿತ್ತು, ಒಂಬತ್ತು ಕಿಲೋ ತೂಕ. ಅಸಲು ತುಂಡು ಸೋವಿಯತ್ತರಿಗೆ ಮರಳಿತು, ಊರಿಗೆ ಉಳಿದದ್ದು ಅಚ್ಚು. ಬಿದ್ದ ಜಾಗದಲ್ಲೊಂದು ಹಿತ್ತಾಳೆ ಬಳೆ ಹೂತಿದ್ದಾರೆ, ಸ್ಪುಟ್ನಿಕ್ ಹೆಸರಿನ ಜಾತ್ರೆಯನ್ನೂ ಮಾಡುತ್ತಾರೆ.

ಮೂನ್‌ವಾಚ್ 1975ರ ಜೂನ್ ಕೊನೆಗೆ ಮುಗಿಯಿತು. ಎರಡೂವರೆ ತಿಂಗಳ ಹಿಂದಷ್ಟೇ, ಏಪ್ರಿಲ್ 19ರಂದು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ ಕಕ್ಷೆ ಸೇರಿತ್ತು. ಅಷ್ಟರಲ್ಲಿ ರಾಡಾರುಗಳು ಬಲಿತಿದ್ದವು, ಸರ್ಕಾರಕ್ಕೆ ಹಿತ್ತಲಿನವರ ಅಗತ್ಯವಿರಲಿಲ್ಲ.

ಹಿತ್ತಲಿನವರಿಗೆ ಸರ್ಕಾರದ ಅಗತ್ಯವೂ ಇರಲಿಲ್ಲ ಎಂಬುದು ಮುಂದಿನ ಕತೆ. ಅದರ ಸುಳಿವು ಮೊದಲೇ ಸಿಕ್ಕಿತ್ತು. ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಶಾಲೆಯ ಭೌತಶಾಸ್ತ್ರದ ಮೇಷ್ಟ್ರು ಜೆಫ್ ಪೆರಿ, ಹುಡುಗರನ್ನು ಕಟ್ಟಿಕೊಂಡು ಸಾಧಾರಣ ರೇಡಿಯೊದಲ್ಲೇ ಸೋವಿಯತ್ ಉಪಗ್ರಹಗಳನ್ನು ಆಲಿಸುತ್ತಿದ್ದ. 1966ರಲ್ಲಿ ಕಾಸ್ಮಾಸ್-112ರ ಹಾದಿ ಲೆಕ್ಕಹಾಕಿದರೆ ಅದು ಸೋವಿಯತ್ ಉಡಾವಣಾ ಕೇಂದ್ರವಾದ ಬೈಕನೂರಿನಿಂದ ಹೊರಟಂತೆ ಕಾಣಲಿಲ್ಲ. ಅಕ್ಟೋಬರಿನಲ್ಲಿ ಕಾಸ್ಮಾಸ್-129 ಹಾರಿತು. ಎರಡೂ ಹಾದಿಗಳು ಕೂಡುವ ಜಾಗ ನಕ್ಷೆಯಲ್ಲಿ ಪ್ಲೆಸೆಟ್ಸ್ಕ್. ಅಲ್ಲೊಂದು ಉಡಾವಣಾ ಕೇಂದ್ರವಿದೆಯೆಂದು ಶಾಲೆಯೊಂದು ಜಗತ್ತಿಗೆ ಹೇಳಿತು. ಸೋವಿಯತ್ ಒಕ್ಕೂಟ ಒಪ್ಪಿಕೊಂಡದ್ದು 1983ರಲ್ಲಿ.

ಗುಟ್ಟು ಬಯಲಾದದ್ದು ಸೋವಿಯತ್ತರದಷ್ಟೇ ಅಲ್ಲ. 2010ರ ಏಪ್ರಿಲಿನಲ್ಲಿ ಅಮೆರಿಕದ ವಾಯುಪಡೆ ಎಕ್ಸ್-37ಬಿ ಎಂಬ ಸಿಬ್ಬಂದಿರಹಿತ ನೌಕೆ ಹಾರಿಸಿ ಕಕ್ಷೆಯ ವಿವರ ಬಚ್ಚಿಟ್ಟಾಗ, ಕೆನಡಾ ಮತ್ತು ದಕ್ಷಿಣ ಆಫ್ರಿಕಾದ ಹವ್ಯಾಸಿಗಳು ಮುಂದಿನ ತಿಂಗಳೇ ಅದನ್ನು ಹಿಡಿದರು. 2018ರ ಜನವರಿಯಲ್ಲಿ ಝೂಮಾ ಎಂಬ ಇನ್ನೊಂದು ರಹಸ್ಯ ಉಪಗ್ರಹವನ್ನು ಕೆನಡಾದ ಸ್ಕಾಟ್ ಟಿಲ್ಲಿ ರೇಡಿಯೊದಲ್ಲಿ ಹುಡುಕುತ್ತಿದ್ದ. ಅದು ಸಿಗಲಿಲ್ಲ. ಸಿಕ್ಕಿದ್ದು 2005ರ ಡಿಸೆಂಬರಿನಲ್ಲಿ ಮಾತು ನಿಲ್ಲಿಸಿದ್ದ ನಾಸಾದ ಇಮೇಜ್ ಉಪಗ್ರಹ. ಹೌದು, ನಮ್ಮದೇ ಎಂದು ನಾಸಾ ಖಚಿತಪಡಿಸಿತು. ಆದರೆ ಅದರೊಂದಿಗೆ ಮಾತಾಡುವ ಹಳೆಯ ಯಂತ್ರಗಳೂ ತಂತ್ರಾಂಶವೂ ಬಳಕೆ ತಪ್ಪಿದ್ದರಿಂದ, ಎಂಜಿನಿಯರುಗಳು ಅವನ್ನೆಲ್ಲ ಹೊಸದಾಗಿ ಹೊಂದಿಸಿಕೊಳ್ಳಬೇಕಾಯಿತು.