ಎಂಬತ್ತನಾಲ್ಕು ಮಾತ್ರೆಗಳ ಲೆಕ್ಕ

ಕೃಷ್ಣರಾಜಪುರದಲ್ಲಿ, ಮಂಗಳವಾರದ ಸಂತೆ ನೆರೆಯುವ ಜಾಗಕ್ಕೆ ಹತ್ತಿರ, ನಾನು ಔಷಧಿ ಅಂಗಡಿ ಇಟ್ಟಿದ್ದೆ. ತೊಂಬತ್ತರ ದಶಕದ ಕೊನೆಗೆ ಯಾವಾಗಲೋ ಒಮ್ಮೆ ಗ್ಯಾನ್ಸಿಕ್ಲೊವಿರ್ ಬರೆದ ಚೀಟಿ ಬರುತ್ತಿತ್ತು. ನಮ್ಮಲ್ಲಿ ಅದು ಇರುತ್ತಿರಲಿಲ್ಲ; ಸಗಟು ವ್ಯಾಪಾರಿಗೆ ಫೋನ್ ಮಾಡಿ ತರಿಸಬೇಕು, ಮುಂಗಡ ಕೇಳಬೇಕು. ಚೀಟಿ ತಂದವರು ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಔಷಧಿಯೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ಆ ಔಷಧಿ ಎದುರಿಸುವ ಸೈಟೊಮೆಗಾಲೊ ವೈರಸ್, ಡಾಕ್ಟರರ ಬಾಯಲ್ಲಿ ಸಿಎಂವಿ, ಸರ್ಪಸುತ್ತಿನ ವೈರಸ್ಸಿನ ದಾಯಾದಿ. ನಮ್ಮ ದೇಶದಲ್ಲಿ ಬಹುಪಾಲು ಜನರ ಮೈಗೆ ಚಿಕ್ಕಂದಿನಲ್ಲೇ ಸೇರಿ, ಕೊನೆಯವರೆಗೂ ತೆಪ್ಪಗೆ ಕೂತಿರುತ್ತದೆ. 1881ರಲ್ಲೇ ಜರ್ಮನಿಯ ರಿಬ್ಬರ್ಟ್, ಸತ್ತು ಹುಟ್ಟಿದ ಮಗುವಿನ ಮೂತ್ರಪಿಂಡದಲ್ಲಿ ಊದಿಕೊಂಡ ಜೀವಕೋಶಗಳನ್ನು ಕಂಡಿದ್ದ. ಅದು ವೈರಸ್ಸಿನ ಕೆಲಸವೆಂದು ಬೇರ್ಪಡಿಸಿ ತೋರಿಸಲು 1956–57 ಬರಬೇಕಾಯಿತು. ಏಡ್ಸ್ ಬಂದ ಮೇಲೆ ಅದರ ನಿಜರೂಪ ಕಂಡಿತು. ಮೈ ಕಾಯುವ ಸಿಡಿ4 ಕಣಗಳ ಎಣಿಕೆ ಐವತ್ತರ ಕೆಳಗಿಳಿದವರ ಅಕ್ಷಿಪಟಲವನ್ನು ತಿನ್ನತೊಡಗಿತು. ಅಮೆರಿಕದಲ್ಲಿ 1989ರಲ್ಲಿ ಗ್ಯಾನ್ಸಿಕ್ಲೊವಿರ್‌ಗೆ ಒಪ್ಪಿಗೆ ಸಿಕ್ಕಿದ್ದು ಈ ಕಣ್ಣಿನ ರೋಗಕ್ಕೇ. ಡ್ರಿಪ್ ಹಾಕಿಸಿಕೊಳ್ಳಲು ದುಡ್ಡಿಲ್ಲದವರಿಗೆ ವಾರವಾರ ಕಣ್ಣುಗುಡ್ಡೆಯೊಳಕ್ಕೇ ಸೂಜಿ. ಆ ಕಣ್ಣು ಉಳಿದರೂ ಇನ್ನೊಂದು ಕಣ್ಣಿಗಾಗಲಿ ಕರುಳಿಗಾಗಲಿ ಔಷಧಿ ತಲುಪುತ್ತಿರಲಿಲ್ಲ.

ನುಂಗುವ ವಾಲ್‌ಗ್ಯಾನ್ಸಿಕ್ಲೊವಿರ್ 2001ರಲ್ಲಿ ಬಂತು. ಅಂಗಡಿಯವನ ಲೆಕ್ಕ ಕೇಳಿ: ದಿನಕ್ಕೆ ನಾಲ್ಕು ಮಾತ್ರೆ, ಮೊದಲ ಮೂರು ವಾರಕ್ಕೆ 84. ರೋಶ್ ಕಂಪನಿಯ ಮಾತ್ರೆ ಒಂದಕ್ಕೆ ಸಾವಿರ ರೂಪಾಯಿಗೂ ಮೇಲೆ. ಮೂರು ವಾರಕ್ಕೆ ಎಂಬತ್ತು ಸಾವಿರ ದಾಟಿತು. ಸಿಪ್ಲಾ ತನ್ನದನ್ನು ಇನ್ನೂರೈವತ್ತರ ಆಸುಪಾಸಿಗೆ ತಂದಾಗ ಅದೇ ಲೆಕ್ಕ ಇಪ್ಪತ್ತು ಸಾವಿರಕ್ಕೆ ಇಳಿಯಿತು. ರೋಶ್‌ಗೆ 2007ರಲ್ಲಿ ಸಿಕ್ಕಿದ್ದ ಪೇಟೆಂಟನ್ನು ಎಚ್‌ಐವಿ ಸೋಂಕಿತರ ಸಂಘಟನೆಗಳೂ ಪ್ರಶ್ನಿಸಿದವು. ಚೆನ್ನೈನ ಪೇಟೆಂಟ್ ಕಚೇರಿ 2010ರಲ್ಲಿ ಅದನ್ನು ರದ್ದು ಮಾಡಿತು. ರೋಗಿಗಳೇ ಕಾನೂನು ಓದಿ ಕಂಪನಿಯ ಎದುರು ನಿಂತ ಈ ಕಥೆ ನಮ್ಮ ಔಷಧಿ ವ್ಯಾಪಾರದ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಇರಬೇಕಾದದ್ದು.

ಇಷ್ಟಾದರೂ ನನ್ನ ಗಿರಾಕಿಗಳ ಕಣ್ಣು ಉಳಿಸಿದ ಕೀರ್ತಿಯನ್ನು ನಾನು ಕೊಡುವುದು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ. ಕಮಿಷನರ್ ಬೌರಿಂಗ್ ಕಾಲದ, ದಂಡಿನ ಪ್ರದೇಶದ ಆ ಹಳೆಯ ಆಸ್ಪತ್ರೆ, 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ಪುಕ್ಕಟೆ ಕೊಡತೊಡಗಿದಾಗ ದೇಶದ ಮೊದಲ ಕೇಂದ್ರಗಳಲ್ಲಿ ಒಂದಾಗಿತ್ತು. ಎಆರ್‌ಟಿ ಸಿಎಂವಿಯನ್ನು ಮುಟ್ಟುವುದೇ ಇಲ್ಲ. ಮೈಯ ಕಾವಲನ್ನು ಮತ್ತೆ ನಿಲ್ಲಿಸುತ್ತದೆ, ಅಷ್ಟರಿಂದಲೇ ವೈರಸ್ಸು ಮೂಲೆ ಸೇರುತ್ತದೆ. ಇಲ್ಲಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಬಸ್ಸಿನಲ್ಲಿ ಹೋಗಿ ಮಾತ್ರೆ ತರುವವರು ಹೆಚ್ಚಿದಂತೆ ಗ್ಯಾನ್ಸಿಕ್ಲೊವಿರ್ ಚೀಟಿಗಳು ಕಡಿಮೆಯಾದವು.

ಅಂಗಡಿಗಳಿಗೆ ಈಗ ಆ ಚೀಟಿ ಬಂದರೆ ಹೆಚ್ಚಾಗಿ ಕಿಡ್ನಿ ಕಸಿಯಾಗಿ ಮೈಯ ಕಾವಲನ್ನು ಔಷಧಿಯಿಂದ ತಗ್ಗಿಸಿಕೊಂಡವರದ್ದು. ಗ್ಯಾನ್ಸಿಕ್ಲೊವಿರ್ ಬಿಳಿರಕ್ತಕಣಗಳನ್ನು ಇಳಿಸುತ್ತದೆ. ಅಸ್ಥಿಮಜ್ಜೆ ಕಸಿಯಾದವರಿಗೆ ಅದೇ ಅಪಾಯ. ಅವರಿಗೆ ಸೋಂಕು ಕೆರಳದಂತೆ ಮೊದಲೇ ಕೊಡಲು 2017ರಲ್ಲಿ ಲೆಟರ್‌ಮೊವಿರ್, ಹಳೆಯ ಔಷಧಿಗೆ ಬಗ್ಗದ ಸೋಂಕಿಗೆ 2021ರಲ್ಲಿ ಮಾರಿಬಾವಿರ್ ಬಂದವು. ಲಸಿಕೆ ಮಾತ್ರ ಕೈಗೆ ಸಿಕ್ಕಿಲ್ಲ. ಮೊಡೆರ್ನಾದ ಲಸಿಕೆ 2025ರಲ್ಲಿ ಕೊನೆಯ ಹಂತದ ಪರೀಕ್ಷೆಯಲ್ಲಿ ಸೋತಿತು.

ಉಳಿದದ್ದು ಹಸುಗೂಸುಗಳು. ಬಸಿರಿನಲ್ಲೇ ತಗುಲುವ ಸಿಎಂವಿ ಮಕ್ಕಳ ಕಿವುಡಿಗೆ ದೊಡ್ಡ ಕಾರಣ, ತಾಯಿಗೆ ಹಿಂದೆಯೇ ಸೋಂಕಾಗಿದ್ದರೂ ಪೂರ್ತಿ ರಕ್ಷಣೆಯಿಲ್ಲ. ನಿಮ್ಮ ಮನೆಯ ಕೂಸು ಮೊದಲ ಶ್ರವಣ ಪರೀಕ್ಷೆಯಲ್ಲಿ ಪಾಸಾಗದಿದ್ದರೆ, ಹುಟ್ಟಿದ 21 ದಿನದೊಳಗೆ ಜೊಲ್ಲು ಅಥವಾ ಮೂತ್ರದ ಸಿಎಂವಿ ಪರೀಕ್ಷೆ ಮಾಡಿಸಿ ಎಂದು ಡಾಕ್ಟರರನ್ನು ಕೇಳಿ. ಆಮೇಲೆ ಮಾಡಿಸಿದರೆ ಸೋಂಕು ಬಸಿರಿನಲ್ಲಿ ಬಂದದ್ದೋ ಹುಟ್ಟಿದ ಮೇಲೆ ಬಂದದ್ದೋ ಹೇಳಲಾಗುವುದಿಲ್ಲ.