ಒಂದು ತೋಟೆಯ ಚರಿತ್ರೆ

ಅರಸರ ಚರಿತ್ರೆಯನ್ನೂ ಯುದ್ಧಗಳ ಚರಿತ್ರೆಯನ್ನೂ ಬರೆದವರು ಬಹುಮಂದಿ ಉಂಟು. ಆದರೆ ಆ ಯುದ್ಧಗಳಲ್ಲಿ ಕೋವಿಯ ನಳಿಗೆಯಿಂದ ಹೊರಟ ಗುಂಡಿಗೂ ಒಂದು ಚರಿತ್ರೆಯಿದೆಯೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. 'ತ್ರೀ-ನಾಟ್-ತ್ರೀ' ಎಂಬ ಹೆಸರನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಖಜಾನೆಯ ಬಾಗಿಲಲ್ಲಿ ಪಹರೆ ನಿಂತ ಪೊಲೀಸಿನವನ ಹೆಗಲ ಮೇಲೆ ಆ ಕೋವಿಯನ್ನು ಹಿರಿಯರು ಕಂಡಿದ್ದಾರೆ. ವಾಸ್ತವವಾಗಿ ಆ ಹೆಸರು ಕೋವಿಯದಲ್ಲ, ಅದರೊಳಗೆ ಇಡುವ ತೋಟೆಯದು. ನಳಿಗೆಯ ಒಳವ್ಯಾಸವು ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ೩೦೩ ಪಾಲಿನಷ್ಟಿರುವುದರಿಂದ ಆ ಹೆಸರು ಬಂದಿತು.

ತೋಟೆಯೆಂಬ ವಸ್ತು ನಮ್ಮ ದೇಶದ ಚರಿತ್ರೆಯನ್ನು ಹೊಕ್ಕದ್ದು ಇದಕ್ಕಿಂತ ಮುಂಚೆಯೇ. ೧೮೫೭ರಲ್ಲಿ ಎನ್‌ಫೀಲ್ಡ್ ಕೋವಿಯ ತೋಟೆಯು ಕಾಗದದ ಸುರುಳಿಯಾಗಿದ್ದಿತು. ಸಿಪಾಯಿಯು ಅದನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಾಗಿತ್ತು. ಆ ಕಾಗದಕ್ಕೆ ಸವರಿದ ಜಿಡ್ಡು ಹಸುವಿನ ಮತ್ತು ಹಂದಿಯ ಕೊಬ್ಬೆಂಬ ಮಾತು ಆ ವರ್ಷದ ಜನವರಿಯಲ್ಲಿ ಕಲ್ಕತ್ತೆಯ ಸಮೀಪದ ದಮ್‌ದಮ್‌ನಲ್ಲಿ ಎದ್ದು, ದಂಡಿನಿಂದ ದಂಡಿಗೆ ಹಬ್ಬಿತು. ಮುಂದೆ ನಡೆದುದು ಸರ್ವವಿದಿತ. ದಮ್‌ದಮ್ ಎಂಬ ಈ ಊರಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಕಾಗದ ಹೋಗಿ ಹಿತ್ತಾಳೆ ಬಂದಿತು. ೧೮೮೬ರಲ್ಲಿ ಫ್ರಾನ್ಸ್ ದೇಶವು ಹೊಗೆಯಿಲ್ಲದ ಮದ್ದಿನ ಕೋವಿಯನ್ನು ತನ್ನ ಸೈನಿಕರಿಗೆ ಕೊಟ್ಟಾಗ ಯೂರೋಪಿನ ಇತರ ರಾಜ್ಯಗಳೆಲ್ಲ ಎಚ್ಚೆತ್ತವು. ಇಂಗ್ಲೆಂಡು ೧೮೮೮ರಲ್ಲಿ ಲೀ-ಮೆಟ್‌ಫರ್ಡ್ ಕೋವಿಯನ್ನೂ ಈ ೩೦೩ರ ತೋಟೆಯನ್ನೂ ಒಟ್ಟಿಗೆ ಅಂಗೀಕರಿಸಿತು. ಆದರೆ ಹೊಸ ಮದ್ದು ಇನ್ನೂ ಸಿದ್ಧವಾಗದ ಕಾರಣ, ಮೊದಲ ತೋಟೆಗಳಲ್ಲಿ ಹಳೆಯ ಕರಿಮದ್ದನ್ನೇ ಒತ್ತಿ ತುಂಬಿದರು. ೧೮೯೧ರಲ್ಲಿ ಕಾರ್ಡೈಟ್ ಬಂದಿತು. ನೈಟ್ರೋಗ್ಲಿಸರಿನ್, ಗನ್‌ಕಾಟನ್ ಮತ್ತು ಸ್ವಲ್ಪ ವ್ಯಾಸೆಲೀನುಗಳನ್ನು ಕಲಸಿ ಶಾವಿಗೆಯಂತೆ ಎಳೆ ತೆಗೆದ ಮದ್ದು ಇದು. ಇದರ ಬಿಸಿಗೆ ಮೆಟ್‌ಫರ್ಡ್ ನಳಿಗೆಯ ಒಳಗಣ ಸುರುಳಿ ಗೀರುಗಳು ಬೇಗ ಸವೆದುಹೋಗುತ್ತಿದ್ದವು. ಗೀರುಗಳನ್ನು ಬೇರೆ ಬಗೆಯಲ್ಲಿ ಕೊರೆದು, ೧೮೯೫ರಲ್ಲಿ ಲೀ-ಎನ್‌ಫೀಲ್ಡ್ ಕೋವಿಯನ್ನು ಮಾಡಿದರು. ಹೀಗೆ ತೋಟೆಯ ಸಲುವಾಗಿ ಕೋವಿಯೇ ಬದಲಾಯಿತು.

ಅದೇ ವರ್ಷ ವಾಯವ್ಯ ಗಡಿಯ ಚಿತ್ರಾಲ್ ಯುದ್ಧದಲ್ಲಿ ಒಂದು ದೂರು ಹುಟ್ಟಿತು. ಗಟ್ಟಿ ಲೋಹದ ಕವಚವುಳ್ಳ ಈ ಸಣ್ಣ ಗುಂಡು ಮೈಯನ್ನು ತೂರಿಹೋದರೂ ಎದುರಾಳಿಯು ನಿಲ್ಲದೆ ಮುನ್ನುಗ್ಗುತ್ತಾನೆ ಎಂಬುದೇ ಆ ದೂರು. ದಮ್‌ದಮ್ ಕಾರ್ಖಾನೆಯಲ್ಲಿದ್ದ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬವರು ಇದಕ್ಕೆ ಉಪಾಯ ಕಂಡುಹಿಡಿದರು. ಗುಂಡಿನ ತುದಿಯಲ್ಲಿ ಕವಚವನ್ನು ಬಿಟ್ಟು ಸೀಸವನ್ನು ಬರಿದಾಗಿಟ್ಟರೆ, ಅದು ಮೈಯೊಳಗೆ ಅಣಬೆಯಂತೆ ಅರಳಿ ಘೋರವಾದ ಗಾಯವನ್ನು ಮಾಡುತ್ತದೆ. ನಲವತ್ತು ವರ್ಷದ ಹಿಂದೆ ವದಂತಿ ಎದ್ದ ಆ ಊರಿನ ಹೆಸರು ಈಗ ಲೋಕದ ಭಾಷೆಗಳಲ್ಲೆಲ್ಲ ಕ್ರೌರ್ಯದ ಪರ್ಯಾಯಪದವಾಯಿತು.

೧೮೯೯ರಲ್ಲಿ ಹೇಗ್ ನಗರದಲ್ಲಿ ಕೂಡಿದ ರಾಷ್ಟ್ರಗಳು ಅರಳುವ ಗುಂಡುಗಳನ್ನು ನಿಷೇಧಿಸುವ ಘೋಷಣೆಯನ್ನು ಮಾಡಿದವು. ನಾಗರಿಕರಲ್ಲದ ಜನರೊಡನೆ ನಡೆಯುವ ಯುದ್ಧದಲ್ಲಿ ಇವು ಬೇಕೇಬೇಕೆಂದು ಇಂಗ್ಲೆಂಡಿನ ಪ್ರತಿನಿಧಿಯು ವಾದಿಸಿದನು. ಆ ದೇಶವು ಘೋಷಣೆಯನ್ನು ಒಪ್ಪಿದುದು ೧೯೦೭ರಲ್ಲಿ. ೧೯೧೦ರಲ್ಲಿ ಬಂದ ಏಳನೆಯ ಮಾದರಿಯ ಗುಂಡು ಮೊನಚಾದುದು. ೨೧೫ ಗ್ರೇನ್ ತೂಕವು ೧೭೪ಕ್ಕೆ ಇಳಿಯಿತು, ವೇಗವು ಸೆಕೆಂಡಿಗೆ ೨,೪೪೦ ಅಡಿಗೆ ಏರಿತು. ಕವಚವು ನಿಯಮದಂತೆ ಪೂರ್ಣವಾಗಿಯೇ ಇದ್ದಿತು. ಆದರೆ ಮೂತಿಯೊಳಗೆ ಸೀಸಕ್ಕೆ ಬದಲಾಗಿ ಹಗುರವಾದ ಅಲ್ಯುಮಿನಿಯಮನ್ನು ಇಟ್ಟುದರಿಂದ ಭಾರವೆಲ್ಲ ಹಿಂದಕ್ಕೆ ಸರಿದು, ಗುಂಡು ಮೈಯೊಳಗೆ ಹೊಕ್ಕೊಡನೆ ತಲೆಕೆಳಗಾಗಿ ಉರುಳುತ್ತಿತ್ತು. ಶಾಸನದ ಅಕ್ಷರವು ಉಳಿಯಿತು. ಅದರ ಅಭಿಪ್ರಾಯವು ಉಳಿಯಿತೇ ಎಂಬುದನ್ನು ವಾಚಕರೇ ವಿಚಾರಿಸಬಹುದು.

ಈ ತೋಟೆಯ ಲೆಕ್ಕವನ್ನು ನಮ್ಮ ದೇಶವು ಎಂದಿಗೂ ಮರೆಯಲಾರದ ದಿನ ಒಂದುಂಟು. ೧೯೧೯ರ ಏಪ್ರಿಲ್ ೧೩ರಂದು ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿ ಐವತ್ತು ಕೋವಿಗಳಿಂದ ೧,೬೫೦ ತೋಟೆಗಳು ಖರ್ಚಾದವು. ಸರಕಾರದ ಎಣಿಕೆಯಂತೆಯೇ ಸತ್ತವರು ೩೭೯ ಮಂದಿ. ಜನರ ಎಣಿಕೆ ಅದಕ್ಕಿಂತ ಬಹಳ ಹೆಚ್ಚು. ಖರ್ಚಾದ ತೋಟೆಗಳ ಲೆಕ್ಕವು ನಿಖರವಾಗಿ ಸಿಕ್ಕಿತು. ಹೋದ ಜೀವಗಳ ಲೆಕ್ಕವು ಇಂದಿಗೂ ವಿವಾದದಲ್ಲಿದೆ. ಹಾಗೆ ಗುಂಡು ಹಾರಿಸಿದ ಸಿಪಾಯಿಗಳಾದರೂ ಇಂಗ್ಲಿಷರಲ್ಲ, ಅಪ್ಪಣೆಯೊಂದೇ ಪರರದು.

ಎರಡು ಮಹಾಯುದ್ಧಗಳಲ್ಲಿಯೂ ಇದೇ ತೋಟೆ ನಡೆಯಿತು. ೧೯೬೨ರಲ್ಲಿ ಹಿಮಾಲಯದ ಗಡಿಯಲ್ಲಿ ನಮ್ಮ ಯೋಧರ ಕೈಯಲ್ಲಿದ್ದುದೂ ಇದೇ. ಆ ಬಳಿಕ ಸೈನ್ಯವು ೭.೬೨ ಮಿಲಿಮೀಟರಿನ ತೋಟೆಗೆ ತಿರುಗಿತು, ಹಳೆಯ ಕೋವಿಗಳು ಪೊಲೀಸರ ಪಾಲಾದವು. ೨೦೦೮ರ ನವೆಂಬರ್ ೨೬ರ ರಾತ್ರಿ ಮುಂಬಯಿಯ ರೈಲುನಿಲ್ದಾಣದಲ್ಲಿ ಆಧುನಿಕ ಶಸ್ತ್ರದ ಎದುರಿಗೆ ಈ ಕೋವಿಗಳೊಡನೆ ನಿಂತ ಪೊಲೀಸರ ದುಃಸ್ಥಿತಿಯನ್ನು ದೇಶವೇ ಕಂಡಿತು. ೨೦೨೦ರ ಗಣರಾಜ್ಯೋತ್ಸವದಂದು ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧಿವತ್ತಾಗಿ ಬೀಳ್ಕೊಡುಗೆಯನ್ನು ನೀಡಿದರು. ಸೈನ್ಯದ ತೋಟೆಯಾದ್ದರಿಂದ ನಮ್ಮಲ್ಲಿ ಇದು ಖಾಸಗಿಯವರಿಗೆ ನಿಷಿದ್ಧ. ಅವರಿಗಾಗಿ ೩೧೫ರ ಅಳತೆಯ ಬೇರೆ ತೋಟೆಯುಂಟು. ಕೆನಡಾದಲ್ಲಾದರೋ ಬೇಟೆಗಾರರು ಇಂದಿಗೂ ಜಿಂಕೆ ಮೂಸ್‌ಗಳಿಗೆ ಇದನ್ನೇ ಬಳಸುತ್ತಾರೆ. ಅಲ್ಲಿ ಮೂತಿ ಅರಳುವ ಗುಂಡೇ ಮೇಲೆಂಬ ಎಣಿಕೆ, ಮೃಗವು ನರಳದೆ ಬೇಗ ಸಾಯಲೆಂದು.

ಒಂದೇ ಗುಂಡು ಬೇಟೆಯಲ್ಲಿ ದಯೆಯೆನಿಸುವುದು, ಯುದ್ಧದಲ್ಲಿ ಅಪರಾಧವೆನಿಸುವುದು. ೧೯೯೮ರ ರೋಮ್ ಶಾಸನವು ಅರಳುವ ಗುಂಡಿನ ಬಳಕೆಯನ್ನು ಯುದ್ಧಾಪರಾಧಗಳ ಪಟ್ಟಿಯಲ್ಲಿ ಸೇರಿಸಿದೆ. ದಮ್‌ದಮ್‌ನಲ್ಲಿ ಈಗ ಕಲ್ಕತ್ತೆಯ ವಿಮಾನನಿಲ್ದಾಣವಿದೆ. ಅಲ್ಲಿ ಇಳಿಯುವ ಪ್ರಯಾಣಿಕರಲ್ಲಿ ಎಷ್ಟು ಮಂದಿಗೆ ಈ ಕಥೆ ತಿಳಿದಿದ್ದೀತು? ಹಿತ್ತಾಳೆಯ ಒಂದು ಬೆರಳುದ್ದದ ಕೊಳವೆಯು ತಾನಾಗಿ ಯಾವ ಪಾಪವನ್ನೂ ಮಾಡದು. ಅದನ್ನು ತುಂಬಿದವನ ಜಾಣ್ಮೆಯೂ ಅಪ್ಪಣೆಯಿತ್ತವನ ಮನಸ್ಸೂ ಅದರೊಳಗೆ ಅಡಗಿರುತ್ತವೆ. ಚರಿತ್ರೆಯನ್ನು ಓದುವವರು ತೂಗಬೇಕಾದುದು ಅವನ್ನೇ.